ನಿನ್ನ ಎಂಟುನೂರ ಹನ್ನೆರಡು, ನನ್ನ ಆರುನೂರ ನಾಲ್ಕು

೬ ಫೆಬ್ರವರಿ

ಗುಬ್ಬಿ,

ನಿನ್ನ ಕ್ರೆಡಿಟ್ ಕಾರ್ಡಿನ ಬಿಲ್ಲು ಸೋಮವಾರ ಬಂತು. ಹದಿನೆಂಟು ಸಾವಿರದ ಮುನ್ನೂರ ನಲವತ್ತು. ನೀನು ಸಹಿ ಹಾಕಿಟ್ಟು ಹೋದ ಚೆಕ್ಕುಗಳಲ್ಲಿ ಒಂದನ್ನು ಹರಿದು, ಪೂರ್ತಿ ಮೊತ್ತ ಬರೆದು, ಮಾರನೆಯ ದಿನವೇ ಬ್ಯಾಂಕಿನ ಪೆಟ್ಟಿಗೆಗೆ ಹಾಕಿ ಬಂದೆ. ಕೊನೆಯ ದಿನಾಂಕಕ್ಕೆ ಇನ್ನೂ ಹನ್ನೊಂದು ದಿನವಿತ್ತು. ನೀನು ಹಡಗಿನ ಅಡುಗೆಮನೆ ಸೇರಿ ನಾಲ್ಕು ವರ್ಷವಾಯಿತು, ಒಂದು ತಿಂಗಳೂ ತಪ್ಪಿಸಿಲ್ಲ. ಪದಕ ಕೊಡು ಎಂದು ಹೇಳುತ್ತಿಲ್ಲ, ಸುಮ್ಮನೆ ಹೇಳಿದೆ. ಅಂದಹಾಗೆ, ನಡುನೀರಿನಲ್ಲಿ ನಿಂತು ಮೂವತ್ತು ಜನರಿಗೆ ಬೇಯಿಸಿಹಾಕುವವಳಿಗೆ ಎರಡು ಜೊತೆ ಬೂಟು, ಒಂದು ಚರ್ಮದ ಕೈಚೀಲ ಯಾಕೆ ಬೇಕಾಯಿತೋ ತಿಳಿಯಲಿಲ್ಲ.

ನೀನು ಕಳಿಸಿದ ಶಾಲು ಅಮ್ಮನ ಮೈಬಿಟ್ಟು ಇಳಿದಿಲ್ಲ. ಗ್ಯಾಸಿನವನು ಬಂದರೂ, ಮೀಟರು ಓದುವವನು ಬಂದರೂ, "ನಮ್ಮ ಗುಬ್ಬಿ ಕಳಿಸಿದ್ದು, ಮುಟ್ಟಿ ನೋಡಿ" ಅನ್ನುತ್ತಾಳೆ. ಮೀಟರಿನವನು ಪಾಪ, ಮುಟ್ಟಿಯೂ ನೋಡಿದ. ಅವಳು ಕೂರುವ ಕುರ್ಚಿಗೆ ಹೊಸ ಮೆತ್ತೆ ಹೊಲಿಸಿದ್ದು ನಾನು. ಅದನ್ನು ಯಾರಿಗೂ ತೋರಿಸಿದ್ದು ಕಾಣೆ.

ಈಗ ನನ್ನ ಸುದ್ದಿ. ನಮ್ಮ ಕನ್ನಡಕದ ಅಂಗಡಿಯ ಯಜಮಾನರು ಅಂಗಡಿ ಮಾರುತ್ತಾರಂತೆ. ಕೈ ನಡುಗುತ್ತದೆ, ಗ್ರಾಹಕರ ಕಿವಿಯ ಹಿಂದೆ ಕಡ್ಡಿ ಸರಿಮಾಡುವಾಗ ಮೊನ್ನೆ ಒಬ್ಬರಿಗೆ ಚುಚ್ಚಿಬಿಟ್ಟರು. ನನ್ನನ್ನು ಒಳಗೆ ಕರೆದು, "ಹದಿನೆಂಟು ವರ್ಷ ಗಾಜು ಉಜ್ಜಿದ್ದೀಯಮ್ಮ. ಮೊದಲು ನಿನ್ನನ್ನೇ ಕೇಳ್ತೀನಿ. ಆಮೇಲೆ ಬೇರೆಯವರನ್ನ" ಎಂದರು. ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಸಾಲ ಸಿಕ್ಕ ಮೇಲೆ ಹೇಳುತ್ತೇನೆ, ಒಂದು ಸಲವಾದರೂ ನನ್ನ ಸುದ್ದಿ ಮೀಟರಿನವನ ಕಿವಿಗೆ ಬೀಳಲಿ.

ನಿನ್ನ
ಅಕ್ಕ

*

೨ ಮಾರ್ಚ್

ಅಕ್ಕ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲೇ ಕುಣಿದೆ. ಸೂಪಿನ ಪಾತ್ರೆ ಅಲ್ಲಾಡಿದ್ದು ನನ್ನಿಂದಲೋ ಅಲೆಯಿಂದಲೋ ಗೊತ್ತಾಗಲಿಲ್ಲ. ಅಂಗಡಿ ನಿನ್ನದಾಗಲೇಬೇಕು!

ನಾನೂ ಒಂದು ಗುಟ್ಟು ಇಟ್ಟುಕೊಂಡಿದ್ದೆ. ಬಂದರಿನ ಹತ್ತಿರ ಎರಡು ಕೋಣೆಯ ಮನೆ ನೋಡಿದ್ದೇನೆ. ಎರಡನೆಯ ಮಹಡಿ, ಲಿಫ್ಟ್ ಇದೆ, ಬಿಸಿಲು ಬೀಳುವ ಬಾಲ್ಕನಿ ಇದೆ. ಗೃಹಸಾಲಕ್ಕೆ ಹೋದರೆ ಬ್ಯಾಂಕಿನವರು ನನ್ನ ಕ್ರೆಡಿಟ್ ಅಂಕ ನೋಡಿ ಎದ್ದು ನಿಲ್ಲುವುದೊಂದು ಬಾಕಿ. ಒಂಬೈನೂರಕ್ಕೆ ಎಂಟುನೂರ ಹನ್ನೆರಡು! "ಇಂಥ ದಾಖಲೆ ನೋಡೋದೇ ಅಪರೂಪ ಮೇಡಂ, ಬಡ್ಡಿಯಲ್ಲಿ ಕಡಿಮೆ ಮಾಡಿಕೊಡ್ತೀವಿ" ಅಂದರು. ಶಾಲೆಯಲ್ಲಿ ಗಣಿತಕ್ಕೆ ಮೂವತ್ತೈದು ದಾಟದವಳು ನಾನು. ನಗು ತಡೆಯಲಾಗಲಿಲ್ಲ. ಪತ್ರ ನಿನ್ನ ವಿಳಾಸಕ್ಕೇ ಬರುತ್ತದೆ, ಒಡೆದು ನೋಡು.

ಮುಖ್ಯ ವಿಷಯ ಇನ್ನೂ ಹೇಳಿಲ್ಲ. ಮುಂದಿನ ವರ್ಷ ಹಡಗಿನ ಕೆಲಸ ಬಿಟ್ಟು ದಡದ ಕ್ಯಾಂಟೀನು ಸೇರುತ್ತೇನೆ. ಆಮೇಲೆ ಅಮ್ಮ ನನ್ನ ಜೊತೆ ಇರಲಿ. ಮೂರು ವರ್ಷದ ಹಿಂದೆ ಅವಳ ಮಂಡಿ ಆಪರೇಷನ್ ಆದಾಗ ನಾನು ಎಲ್ಲೋ ನೀರಿನ ಮೇಲಿದ್ದೆ, ಎಲ್ಲ ಮುಗಿದು ಹದಿನೈದು ದಿನಕ್ಕೆ ನಿನ್ನ ಕಾಗದ ಸಿಕ್ಕಿತು. ಖರ್ಚಿಗೆ ವಿಮೆ ಇತ್ತು ಅಂತ ನೀನು ಬರೆದಿದ್ದೆ, ಬದುಕಿದೆವು. ಇನ್ನು ನನ್ನ ಸರದಿ. ಕಳೆದ ವಾರ ಫೋನಿನಲ್ಲಿ ಅಮ್ಮನನ್ನು ಕೇಳಿದೆ, ಹೂಂ ಅಂದಳು.

ನಿನ್ನ
ಗುಬ್ಬಿ

*

೨೧ ಮಾರ್ಚ್

ಗುಬ್ಬಿ,

ನಿನ್ನ ಕಾಗದ ಮತ್ತು ಬ್ಯಾಂಕಿನ ಉತ್ತರ ಒಂದೇ ದಿನ ಕೈಸೇರಿದವು. ನನಗೆ ಸಾಲ ಇಲ್ಲ.

ಯಾಕೆ ಎಂದು ಕೇಳಲು ನಾನೇ ಹೋದೆ. ಸಾಲದ ಅಧಿಕಾರಿ ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಮೃದು. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದ. ಆರುನೂರ ನಾಲ್ಕು.

"ನಿಮ್ಮ ಕಾರ್ಡಿನ ಮಿತಿ ಒಂದು ಲಕ್ಷ. ಬಾಕಿ ತೊಂಬತ್ತಾರು ಸಾವಿರ. ಮೂರು ವರ್ಷದಿಂದ ಅಲ್ಲೇ ನಿಂತಿದೆ ಮೇಡಂ."

"ಪ್ರತಿ ತಿಂಗಳೂ ಕಟ್ಟಿದ್ದೀನಲ್ಲ ಸರ್?"

"ಕನಿಷ್ಠ ಮೊತ್ತ ಕಟ್ಟಿದ್ದೀರಿ. ಅದು ಬಡ್ಡಿಗೇ ಸರಿಹೋಗುತ್ತೆ, ಅಸಲು ಅಲ್ಲಾಡಲ್ಲ. ಮಿತಿಯಷ್ಟೂ ಬಳಸಿಕೊಂಡು ಕೂತವರು ಕಷ್ಟದಲ್ಲಿದ್ದಾರೆ ಅಂತ ಲೆಕ್ಕ. ಅದರ ಮೇಲೆ ಐದು ಸಲ ತಿಂಗಳು ದಾಟಿಸಿದ್ದೀರಿ."

"ದಂಡ ಕಟ್ಟಿದ್ದೀನಿ ಸರ್, ಐದು ಸಲವೂ."

"ದಂಡ ಕಟ್ಟಿದರೆ ಅವತ್ತಿನ ತಪ್ಪು ಮುಗೀತು. ದಾಖಲೆಯಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತೆ."

ಕೊನೆಗೆ ಒಂದು ಮಾತು ಕೇಳಿದೆ. ಕಂಡದ್ದೆಲ್ಲ ಕೊಳ್ಳುತ್ತ, ಊರೂರಿನ ಬಂದರಿನಲ್ಲಿ ಕಾರ್ಡು ಉಜ್ಜುವವರಿಗೆ ಎಂಟುನೂರು ಹೇಗೆ ಬರುತ್ತದೆ ಎಂದು. ಅವನು ನಕ್ಕ. "ಎಷ್ಟು ಖರ್ಚು ಮಾಡ್ತಾರೆ ಅನ್ನೋದಕ್ಕಿಂತ ಹೇಗೆ ತೀರಿಸ್ತಾರೆ ಅನ್ನೋದು ಮುಖ್ಯ ಮೇಡಂ. ಮಿತಿಯಲ್ಲಿ ಸ್ವಲ್ಪವೇ ಬಳಸಿ, ಪೂರ್ತಿ ಮೊತ್ತವನ್ನ ಸಮಯಕ್ಕೆ ಮೊದಲೇ ಕಟ್ಟಿದರೆ ಸಾಕು."

ಸಮಯಕ್ಕೆ ಮೊದಲೇ ಕಟ್ಟಿದ್ದು ಯಾರು, ಗುಬ್ಬಿ? ನಾಲ್ಕು ವರ್ಷ, ನಲವತ್ತೆಂಟು ಚೆಕ್ಕು, ನಲವತ್ತೆಂಟು ಸಲ ಆ ಬ್ಯಾಂಕಿನ ಮೆಟ್ಟಿಲು. ಸಂಬಳ ನಿನ್ನದು, ಒಪ್ಪುತ್ತೇನೆ. ಆದರೆ ಆ ಅಂಕ ನನ್ನ ಕೈಬರಹದಲ್ಲಿದೆ. ಬ್ಯಾಂಕು ಥೇಟ್ ಅಮ್ಮನ ಹಾಗೆ. ಕೆಲಸ ದೊಡ್ಡವಳದ್ದು, ಮುದ್ದು ಗುಬ್ಬಿಗೆ.

ಅಮ್ಮ ಹೂಂ ಅಂದಳೇ? ನನ್ನ ಬಳಿ ಏನೂ ಹೇಳಲಿಲ್ಲ. ಫೋನು ಇಟ್ಟು ಟೀ ಕೇಳಿದಳು, ಮಾಡಿಕೊಟ್ಟೆ.

ಅಕ್ಕ

*

೧೪ ಏಪ್ರಿಲ್

ಅಕ್ಕ,

ಸಿಟ್ಟು ಮಾಡಿಕೊಳ್ಳಬೇಡ. ನಿನ್ನ ಕಾಗದದಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳಿತು.

ನಿನಗೆ ಸಹಾಯವಾಗಲಿ ಅಂತ ನಮ್ಮ ಹಡಗಿನ ಲೆಕ್ಕಪತ್ರದವರನ್ನು ಕೇಳಿದೆ. ಅವರು ಹೇಳಿದ್ದು: ಕನಿಷ್ಠ ಮೊತ್ತ ಅನ್ನುವುದು ಬಲೆ. ಸಾಧ್ಯವಿದ್ದಷ್ಟೂ ಹೆಚ್ಚು ಕಟ್ಟಬೇಕು. ಬಾಕಿ ಮಿತಿಯ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಬೇಕು. ಒಂದು ದಿನವೂ ತಡ ಮಾಡಬಾರದು. ಒಂದೂವರೆ ವರ್ಷ ಹೀಗೆ ನಡೆದುಕೊಂಡರೆ ಅಂಕ ತಾನಾಗಿ ಏರುತ್ತದೆ. ಯಜಮಾನರಿಗೆ ಸ್ವಲ್ಪ ಕಾಯಲು ಹೇಳು.

ಒಂದು ಮಾತ್ರ ಅರ್ಥವಾಗಲಿಲ್ಲ. ತೊಂಬತ್ತಾರು ಸಾವಿರ! ನೀನು ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಗುವವರೆಗೂ ಹೊಸದು ಕೊಳ್ಳದವಳು. ಅಷ್ಟೊಂದು ಏನು ಕೊಂಡೆ? ನನ್ನ ಕೈಚೀಲಕ್ಕೆ ಮೂಗು ಮುರಿದವಳು, ಕದ್ದುಮುಚ್ಚಿ ಸೋಫಾ ಗೀಫಾ ತಂದಿಟ್ಟುಕೊಂಡಿದ್ದೀಯಾ?

ಮನೆಯ ಕಾಗದಪತ್ರ ಆಗಸ್ಟಿಗೆ ಆಗುತ್ತದೆ. ಅಮ್ಮನ ಕೋಣೆಗೆ ತಿಳಿಹಳದಿ ಬಣ್ಣ ಒಪ್ಪಿಗೆಯಂತೆ.

ಗುಬ್ಬಿ

*

೯ ಮೇ

ಗುಬ್ಬಿ,

ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಬಿಲ್ಲು ಬಂದಿದೆ. ಅಂಗಡಿಯಲ್ಲಿ ಕೆಲಸ ಬಹಳ. ಸೋಫಾ ಇಲ್ಲ.

ಅಕ್ಕ

*

೩ ಜುಲೈ

ಅಕ್ಕ,

ಏನೋ ಎಡವಟ್ಟಾಗಿದೆ. ನಿನ್ನೆ ಹಡಗು ದಡ ಸೇರಿದ ತಕ್ಷಣ ಬ್ಯಾಂಕಿಗೆ ಫೋನು ಮಾಡಿದೆ. ಸಾಲ ಮಂಜೂರು ಮಾಡುವ ಮೊದಲು ಇನ್ನೊಮ್ಮೆ ನನ್ನ ಅಂಕ ತೆಗೆಸಿ ನೋಡಿದರಂತೆ. ಏಳುನೂರ ಹತ್ತೊಂಬತ್ತಕ್ಕೆ ಬಿದ್ದಿದೆ! ಏಪ್ರಿಲ್ ಬಿಲ್ಲು ನಲವತ್ತು ದಿನ ತಡವಾಗಿ ಪಾವತಿಯಾಗಿದೆ ಅನ್ನುತ್ತಾರೆ. ನಾಲ್ಕು ವರ್ಷ ಕಟ್ಟಿದ್ದು ಒಂದೇ ಒಂದು ತಡಕ್ಕೆ ಹೀಗೆ ಕುಸಿಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕಡಿಮೆ ಬಡ್ಡಿಯ ಮಾತು ವಾಪಸ್ಸು. ಅರ್ಜಿಯನ್ನು ತಡೆಹಿಡಿದಿದ್ದಾರೆ.

ನಾನು ಬಿಡಲಿಲ್ಲ. "ನಮ್ಮಕ್ಕ ಮಳೆಯಿರಲಿ ಜ್ವರವಿರಲಿ ಮಾರನೇ ದಿನವೇ ಚೆಕ್ ಹಾಕ್ತಾಳೆ. ತಪ್ಪು ನಿಮ್ಮದೇ, ಹುಡುಕಿ" ಅಂತ ಜಗಳವಾಡಿ ದೂರು ಬರೆಸಿದೆ. ಪೆಟ್ಟಿಗೆಯಿಂದ ಚೆಕ್ಕು ತೆಗೆಯುವುದು ಕೌಂಟರಿನ ಹೆಂಗಸಂತೆ. ಅವರಿಗೆ ನೋಟಿಸು ಕೊಟ್ಟು ವಿಚಾರಣೆ ಮಾಡುತ್ತಾರಂತೆ. ಮಾಡಲಿ. ಯಾರದೋ ಅಸಡ್ಡೆಗೆ ನಾವೇಕೆ ಅನುಭವಿಸಬೇಕು?

ನೀನು ಚೆಕ್ಕು ಹಾಕಿದ ದಿನಾಂಕ ನೆನಪಿದ್ದರೆ ಬರೆ. ನೀನು ಮರೆಯುವವಳಲ್ಲ.

ಗುಬ್ಬಿ

*

೧೯ ಜುಲೈ

ಗುಬ್ಬಿ,

ಚೆಕ್ಕು ಹಾಕಿದ್ದು ಜೂನ್ ಏಳಕ್ಕೆ. ಬಿಲ್ಲಿನ ಕೊನೆಯ ದಿನ ಏಪ್ರಿಲ್ ಇಪ್ಪತ್ತೆಂಟು. ಅಷ್ಟೂ ದಿನ ಬಿಲ್ಲು ನನ್ನ ಬಟ್ಟೆಯ ಕಪಾಟಿನಲ್ಲಿ, ಮಡಿಸಿದ ಟವೆಲುಗಳ ಕೆಳಗಿತ್ತು. ಮರೆತು ಇಟ್ಟದ್ದಲ್ಲ. ಇಟ್ಟದ್ದೇ.

ಹೇಗೆ ಆಯಿತು ಎಂದು ಹೇಳಿಬಿಡುತ್ತೇನೆ. ನಿನ್ನ ಸೋಫಾದ ಮಾತು ಓದಿದ ದಿನ ಚೆಕ್ಕು ಬರೆಯಲು ಕೂತಿದ್ದೆ. ಅಮ್ಮ ಪಕ್ಕದ ಮನೆಯಾಕೆಯ ಕೂಡ, "ಗುಬ್ಬಿ ನನಗೆ ಬಾಲ್ಕನಿ ಇರೋ ಮನೆ ತಗೋತಿದ್ದಾಳೆ" ಎನ್ನುತ್ತಿದ್ದಳು. ಪೆನ್ನಿನ ಮುಚ್ಚಳ ಹಾಕಿ ಎದ್ದೆ. ನಾಳೆ ಬರೆದರಾಯಿತು ಅಂದುಕೊಂಡೆ. ನಾಳೆಯೂ ಹಾಗೇ ಅಂದುಕೊಂಡೆ. ಕೊನೆಯ ದಿನ ಬಂತು, ಹೋಯಿತು. ಆ ದಿನ ಸಂಜೆ ನನಗೆ ಹಸಿವಾಯಿತು, ಚೆನ್ನಾಗಿ ಉಂಡೆ. ಅದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಅದೂ ನಿಜ. ಒಂದು ತಿಂಗಳು ನೀನೂ ನನ್ನ ಹಾಗೆ ಆಗು ಅನಿಸಿತು. ಮನೆ ಕೈತಪ್ಪಲಿ ಅನಿಸಿತು. ಅಮ್ಮ ಇಲ್ಲೇ ಇರಲಿ ಅನಿಸಿತು. ನಲವತ್ತನೆಯ ದಿನ ಹೆದರಿಕೆ ಹುಟ್ಟಿ ಓಡಿಹೋಗಿ ಹಾಕಿದೆ. ಆ ಹೊತ್ತಿಗೆ ಆಗುವುದು ಆಗಿಹೋಗಿತ್ತು.

ನಿನ್ನ ಕಾಗದ ಬಂದ ಮೇಲೂ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಆ ಕೌಂಟರಿನ ಹೆಂಗಸು ನಮ್ಮ ಅಂಗಡಿಗೆ ಬಂದರು. ದಪ್ಪ ಗಾಜಿನವರು, ಅವರ ಕನ್ನಡಕ ಉಜ್ಜುವುದು ನಾನೇ. ಒಂದು ಕಡ್ಡಿ ಮುರಿದಿತ್ತು. ಸರಿಮಾಡುತ್ತ ಕೇಳಿದೆ, ಹೇಗಾಯಿತು ಎಂದು. "ನೋಟಿಸು ಓದ್ತಾ ಓದ್ತಾ ಅದರ ಮೇಲೇ ತಲೆ ಇಟ್ಟು ಅತ್ತುಬಿಟ್ಟೆ. ನಿವೃತ್ತಿಗೆ ಎರಡು ವರ್ಷ ಇದೆ. ಚೆಕ್ ಎಲ್ಲಿ ಕಳೆದೆ ಅಂತ ಕೇಳ್ತಾರೆ. ನಾನು ಕಳೆದಿಲ್ಲ, ಆದ್ರೆ ಹೇಗೆ ಸಾಬೀತು ಮಾಡಲಿ?" ಎಂದರು. ನನ್ನ ಬೆರಳಿನಿಂದ ಸ್ಕ್ರೂ ಜಾರಿ ಬಿತ್ತು. ಇಬ್ಬರೂ ನೆಲದ ಮೇಲೆ ಮೊಣಕಾಲೂರಿ ಹುಡುಕಿದೆವು. ಅವರಿಗೆ ಕನ್ನಡಕವಿಲ್ಲದೆ ಏನೂ ಕಾಣುವುದಿಲ್ಲ, ಆದರೂ ನನಗಾಗಿ ತಡಕಾಡುತ್ತಿದ್ದರು.

ಕೂಡಲೇ ಅವರ ಜೊತೆಯಲ್ಲೇ ಬ್ಯಾಂಕಿಗೆ ಹೋದೆ. ವ್ಯವಸ್ಥಾಪಕರ ಮುಂದೆ ಹೇಳಿದೆ, ಬರೆದೂ ಕೊಟ್ಟೆ. ಅದೇ ಸಾಲದ ಅಧಿಕಾರಿ ಪಕ್ಕದ ಮೇಜಿನಲ್ಲಿದ್ದ, ತಲೆ ತಗ್ಗಿಸಿ ಕೂತ. ನೋಟಿಸು ಹಿಂತೆಗೆದುಕೊಂಡಿದ್ದಾರೆ. ನಿನ್ನ ಅಂಕವನ್ನು ಸರಿಮಾಡಿ ಎಂದು ಕೇಳಿದೆ. ಆಗುವುದಿಲ್ಲವಂತೆ. ಬ್ಯಾಂಕಿನ ತಪ್ಪಾಗಿದ್ದರೆ ತಿದ್ದುತ್ತಿದ್ದರು, ಅಕ್ಕನ ತಪ್ಪಿಗೆ ಅವರ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

ಉಳಿದ ಚೆಕ್ಕುಗಳನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಇಪ್ಪತ್ತಮೂರು ಇವೆ. ಕ್ಷಮಿಸು ಎನ್ನುವ ಮುಖ ನನಗಿಲ್ಲ.

ಅಕ್ಕ

*

೨ ಸೆಪ್ಟೆಂಬರ್

ಚಿನ್ನ ಗುಬ್ಬಿ,

ಅಮ್ಮ ಬರೀತಿದೀನಿ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ಎರಡು ತಿಂಗಳಿಂದ ನಿನ್ನ ಕಾಗದ ಇಲ್ಲ, ಫೋನಿನಲ್ಲೂ ಅಕ್ಕನ ಹೆಸರೆತ್ತೋಲ್ಲ. ದೊಡ್ಡವಳನ್ನ ಕೇಳಿದರೆ ಟೀ ಬೇಕಾ ಅಂತ ಎದ್ದು ಒಳಗೆ ಹೋಗ್ತಾಳೆ. ಅಂತೂ ಮೊನ್ನೆ ಬಾಯಿ ಬಿಟ್ಟಳು. ನಿನ್ನ ಬಿಲ್ಲು ಬಚ್ಚಿಟ್ಟಿದ್ದು, ಬ್ಯಾಂಕಿಗೆ ಹೋಗಿದ್ದು ಎಲ್ಲ ಹೇಳಿದಳು. ಬೈದೆ. ಚೆನ್ನಾಗೇ ಬೈದೆ.

ಆದರೆ ಅವಳಿಗೆ ಸಾಲ ಸಿಗಲಿಲ್ಲ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಯಾಕೆ ಸಿಗಲಿಲ್ಲ ಅಂದರೆ ಆ ಕಾರ್ಡಿನ ಬಾಕಿ ಅಂದಳು. ಅದು ನನ್ನ ಮಂಡಿದು ಕಣೇ ಗುಬ್ಬಿ. ಆಸ್ಪತ್ರೆಯಲ್ಲಿ ಕಾರ್ಡು ಕೊಟ್ಟಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ತೀರಿಹೋಗಿದೆ ಅಂದುಕೊಂಡಿದ್ದೆ, ಅದಕ್ಕೇ ಮಾತೆತ್ತಿರಲಿಲ್ಲ. ವಿಮೆ ಗಿಮೆ ನನಗೆ ಎಲ್ಲಿತ್ತು? ನಿನಗೂ ಗೊತ್ತಿದೆ ಅಂದುಕೊಂಡಿದ್ದೆ.

ಬಾಲ್ಕನಿಗೆ ಹೂಂ ಅಂದಿದ್ದು ನಿನ್ನ ಮನಸ್ಸು ನೋಯದಿರಲಿ ಅಂತ. ನೀನು ಕೇಳಿದರೂ ಹೂಂ, ಅವಳು ಕೇಳಿದರೂ ಹೂಂ. ನನ್ನನ್ನ ಯಾರೂ ಸರಿಯಾಗಿ ಕೇಳಲಿಲ್ಲ.

ಇಂತಿ ನಿನ್ನ
ಅಮ್ಮ

*

೧೧ ಅಕ್ಟೋಬರ್

ಅಕ್ಕ,

ನೀನು ಬಿಲ್ಲು ಬಚ್ಚಿಟ್ಟದ್ದಕ್ಕೆ ನಾನು ಎರಡು ತಿಂಗಳು ಕುದ್ದೆ. ತರಕಾರಿ ಹೆಚ್ಚುವಾಗ ಜೊತೆಯವರು ನನ್ನ ಹತ್ತಿರ ಬರುತ್ತಿರಲಿಲ್ಲ. ನಲವತ್ತೆಂಟು ಸಲ ಮೆಟ್ಟಿಲು ಹತ್ತಿದವಳು ಒಂದು ಸಲ ಹತ್ತಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಅಮ್ಮನ ಕಾಗದ ಬಂತು. ಈಗ ಮೊದಲಿಗಿಂತ ಹೆಚ್ಚು ಉರಿಯುತ್ತಿದ್ದೇನೆ.

ವಿಮೆ ಅಂತ ಯಾಕೆ ಸುಳ್ಳು ಹೇಳಿದೆ? ಹೇಳಿದ್ದರೆ ನಾನು ಮೂರೇ ತಿಂಗಳಲ್ಲಿ ಅಷ್ಟನ್ನೂ ಕಳಿಸುತ್ತಿದ್ದೆ. ನನ್ನ ಖಾತೆಯಲ್ಲಿ ಹಣ ಸುಮ್ಮನೆ ಬಿದ್ದಿತ್ತು, ನಾನು ಬೂಟು ಕೊಳ್ಳುತ್ತಿದ್ದೆ. ನೀನು ಮೂರು ವರ್ಷ ನನ್ನ ಬೂಟಿನ ಬಿಲ್ಲನ್ನು ಪೂರ್ತಿ ಕಟ್ಟಿ, ಅಮ್ಮನ ಮಂಡಿಗೆ ಕನಿಷ್ಠ ಮೊತ್ತ ಕಟ್ಟಿದೆ. ಕೇಳಿದರೆ ಯಾರಾದರೂ ನಂಬುತ್ತಾರಾ?

ಯಾಕೆ ಹೇಳಲಿಲ್ಲ ಅಂತ ನನಗೆ ಗೊತ್ತು, ಅಮ್ಮನಿಗೆ ಮಾಡಿದ್ದು ನಿನ್ನೊಬ್ಬಳದೇ ಆಗಿರಲಿ ಅಂತ. ಅಮ್ಮ ನಿನ್ನೊಬ್ಬಳ ತೋಳು ಹಿಡಿದು ನಿಂತ ಫೋಟೋ ಕಳಿಸಿದ್ದೆಯಲ್ಲ, ಆಪರೇಷನ್ ಆದ ಮೂರನೇ ದಿನದ್ದು? ಅದನ್ನು ನೋಡಿ ನನಗೆ ಆದ ಹೊಟ್ಟೆಕಿಚ್ಚು ನಿನಗೆ ಗೊತ್ತಿಲ್ಲ. ಅವಳು ಶಾಲನ್ನು ಮೀಟರಿನವನಿಗೆ ತೋರಿಸುತ್ತಾಳೆ ಅಂತ ನೀನು ಕುದಿಯುತ್ತೀಯ. ಮಂಚದಿಂದ ಏಳುವಾಗ ಯಾರ ಹೆಸರು ಕೂಗುತ್ತಾಳೆ? ನಾನು ಶಾಲು ಕಳಿಸುವುದು ಇನ್ನೇನನ್ನೂ ಮಾಡಲು ನೀನು ನನಗೆ ಬಿಟ್ಟಿಲ್ಲವೆಂದು.

ಇದರ ಜೊತೆ ನಲವತ್ತೆಂಟು ಸಾವಿರದ ಚೆಕ್ಕು ಇದೆ. ಬಾಕಿಯಲ್ಲಿ ಸರಿಯಾಗಿ ಅರ್ಧ. ಪೂರ್ತಿ ಕಳಿಸಬಲ್ಲೆ, ಕಳಿಸುವುದಿಲ್ಲ. ಇದು ಸಹಾಯವಲ್ಲ. ಅಮ್ಮನಲ್ಲಿ ನನ್ನ ಪಾಲು. ವಾಪಸ್ಸು ಕಳಿಸಿದೆಯೋ, ನಾನು ನಿನ್ನ ತಂಗಿಯಲ್ಲ.

ಮನೆಸಾಲ ಬೇರೆ ಬ್ಯಾಂಕಿನಲ್ಲಿ ಸಿಕ್ಕಿತು. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ, ಹದಿನೈದು ವರ್ಷ. ಪ್ರತಿ ತಿಂಗಳು ಆ ಅರ್ಧ ಪರ್ಸೆಂಟ್ ಕಟ್ಟುವಾಗ ನಿನ್ನನ್ನು ನೆನೆಯುತ್ತೇನೆ, ಬಿಕ್ಕಳಿಕೆ ಬಂದರೆ ನೀರು ಕುಡಿ.

ಗುಬ್ಬಿ

*

೫ ನವೆಂಬರ್

ಗುಬ್ಬಿ,

ಚೆಕ್ಕನ್ನು ಕಾರ್ಡಿಗೆ ಕಟ್ಟಿದೆ. ಎರಡು ದಿನ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ನಿನ್ನ ಪಾಲು ತೆಗೆದುಕೊಳ್ಳುವುದು ಅಷ್ಟು ಸುಲಭವಾಗಲಿಲ್ಲ. ನೀನು ಹೇಳಿದ್ದು ಸರಿ. ಅಮ್ಮನಿಗೆ ನಾನು ಮಾಡಿದ್ದು ಒಂದಾದರೂ ಪೂರ್ತಿ ನನ್ನದೇ ಆಗಿರಲಿ ಎಂದು ಸುಳ್ಳು ಹೇಳಿದೆ. ಅದಕ್ಕೇ ಅಂಗಡಿ ಹೋಯಿತು. ಬೀದಿಯ ಚಪ್ಪಲಿ ಅಂಗಡಿಯವರು ಕೊಂಡರು. ಯಜಮಾನರು ಏಳು ತಿಂಗಳು ಕಾದರು, ಆಮೇಲೆ ಅವರ ಕೈ ಕಾಯಲಿಲ್ಲ. ಕೀಲಿಕೈ ಕೊಡುವ ದಿನ ನನ್ನ ಮುಖ ನೋಡದೆ ಹೋದರು. ಹೊಸ ಯಜಮಾನ ಕನ್ನಡಕದ ವ್ಯಾಪಾರವನ್ನೂ ನನ್ನನ್ನೂ ಉಳಿಸಿಕೊಂಡಿದ್ದಾನೆ, ಸಂಬಳ ಮೊದಲಿನಷ್ಟೇ. ನನ್ನದಾಗಬೇಕಿದ್ದ ಬಾಗಿಲನ್ನು ಬೆಳಿಗ್ಗೆ ಬೇರೆಯವರು ತೆಗೆಯುವುದನ್ನು ನಿಂತು ನೋಡುತ್ತೇನೆ. ಅಭ್ಯಾಸವಾಗಿಲ್ಲ.

ಈಗ ತಿಂಗಳಿಗೆ ಆರು ಸಾವಿರ ಕಟ್ಟುತ್ತಿದ್ದೇನೆ, ಸಂಬಳವಾದ ದಿನವೇ. ದಪ್ಪ ಕನ್ನಡಕದವರು ರಸೀದಿ ಕೊಡುತ್ತ ಮುಖವೆತ್ತಿ ನೋಡುತ್ತಾರೆ. ಮೊನ್ನೆ ಮೊದಲ ಸಲ ನಕ್ಕರು.

ಇನ್ನೊಂದು ವಿಷಯ. ಹೇಳದೆ ಇರಬಹುದಿತ್ತು, ಹಾಗೆಂದು ಎರಡು ಸಲ ಅನಿಸಿತು ಕೂಡ. ಡಾಕ್ಟರು ಅಮ್ಮನ ಎಡ ಮಂಡಿಯೂ ಸವೆದಿದೆ, ಜನವರಿ ಮುಗಿಯುವುದರೊಳಗೆ ಆಪರೇಷನ್ ಆಗಬೇಕು ಎಂದಿದ್ದಾರೆ. ಇನ್ನೂ ದಿನ ಗೊತ್ತುಮಾಡಿಲ್ಲ. ಮೊದಲು ನಿನಗೆ ಬರೆಯುತ್ತಿದ್ದೇನೆ.

ಅಕ್ಕ

*

೧ ಡಿಸೆಂಬರ್

ಅಕ್ಕ,

ಜನವರಿ ಎಂಟಕ್ಕೆ ಇಳಿಯುತ್ತೇನೆ. ಕ್ಯಾಪ್ಟನ್ನಿಗೆ ಹೇಳಿ ಆರು ವಾರ ರಜೆ ಬರೆಸಿದ್ದೇನೆ. ಆಮೇಲೆ ಅಮ್ಮ ಎಲ್ಲಿರಬೇಕು ಅಂತ ಅವಳನ್ನೇ ಕೂರಿಸಿ ಕೇಳೋಣ. ಇಬ್ಬರೂ ಎದುರಿಗಿರಬೇಕು, ಹೂಂ ಅಂದರೆ ಒಪ್ಪಬಾರದು.

ನಾನು ಬರುವವರೆಗೆ ಆಸ್ಪತ್ರೆಯ ಕಡೆ ತಲೆ ಹಾಕಬೇಡ. ದಿನ ಗೊತ್ತುಮಾಡಬೇಡ, ಮುಂಗಡ ಕಟ್ಟಬೇಡ. ಡಾಕ್ಟರ ಜೊತೆ ಮಾತಾಡುವುದು ನಾನು. ಕಾಗದಕ್ಕೆ ಸಹಿ ಹಾಕುವುದು ನಾನು. ಅವಳು ಎದ್ದು ನಿಲ್ಲುವಾಗ ಹಿಡಿಯುವ ತೋಳು ನನ್ನದು. ನೀನು ಬೇಕಾದರೆ ಎದುರಿಗೆ ನಿಂತು ಫೋಟೋ ತೆಗೆ, ತೆಗೆಯುವಾಗ ಹೊಟ್ಟೆ ಉರಿದರೆ ಉರಿಯಲಿ, ನಾನು ಮೂರು ವರ್ಷ ಉರಿದಿದ್ದೇನೆ.

ಬಲಗಾಲು ನಿನ್ನದಾಯಿತು. ಎಡಗಾಲು ನನ್ನದು.

ನಿನ್ನ ತಂಗಿ,
ಗುಬ್ಬಿ